ಕಲ್ಯಾಣ–ಹುಮನಾಬಾದ್ ಸೀಮೆಯ ಅಕ್ಷರಾಭ್ಯಾಸ

ಬೀದರ್ ಜಿಲ್ಲೆಯ ಘಾಟಬೋರಾಳದ ಮಗು ತನ್ನ ಊರಿನ ಹೆಸರು ಬರೆಯಲು ಕೂತರೆ ಮೊದಲ ಅಕ್ಷರದಲ್ಲೇ ತೊಡಕು. ಅದು ಮಹಾಪ್ರಾಣ ಘ, ಅದಕ್ಕೊಂದು ಇಳಿ. ಕೊನೆಯ ಅಕ್ಷರ ಳ. ಕನ್ನಡ ಮತ್ತು ಮರಾಠಿ ಎರಡರಲ್ಲೂ ಈ ಅಕ್ಷರವಿದೆ, ಉರ್ದುವಿನಲ್ಲಿ ಇಲ್ಲ. ಈ ಊರಿನ ಹೆಸರನ್ನು ಉರ್ದುವಿನಲ್ಲಿ ಬರೆಯುವವರು ಳಕಾರದ ಜಾಗದಲ್ಲಿ ಲಕಾರವನ್ನೇ ಬರೆಯಬೇಕು. ಬಸವಕಲ್ಯಾಣ ಮತ್ತು ಹುಮನಾಬಾದ್ ಸೀಮೆಯಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ತಾಂಡಾಗಳಲ್ಲಿ ಲಂಬಾಣಿ ಮಾತು ಉಂಟು, ಪೂರ್ವದ ಅಂಚಿನಲ್ಲಿ ತೆಲುಗು ಕೂಡ. ಆದ್ದರಿಂದ ಇಲ್ಲಿ ಅಕ್ಷರಾಭ್ಯಾಸದ ಚರಿತ್ರೆ ಒಂದೇ ವರ್ಣಮಾಲೆಯ ಚರಿತ್ರೆಯಾಗಿ ಉಳಿದಿಲ್ಲ. ಯಾವ ಮಗು ಯಾವ ಲಿಪಿಯಲ್ಲಿ ಓನಾಮ ಹಾಕಬೇಕೆಂಬುದನ್ನು ಮನೆಮಾತಿಗಿಂತ ಹೆಚ್ಚಾಗಿ ಆಯಾ ಕಾಲದ ಕಚೇರಿ ನಿರ್ಧರಿಸಿತು. ಕಲಿಸುವ ಬಗೆ ಮಾತ್ರ ಲಿಪಿ ಬದಲಾದರೂ ಬಹುಕಾಲ ಬದಲಾಗಲಿಲ್ಲ: ಬೆರಳು ತಿದ್ದಬೇಕು, ಬಾಯಿ ಕೂಗಬೇಕು, ಕಿವಿ ಕೇಳಬೇಕು.

ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದ ಮೇಲೆ ಈ ಸೀಮೆ ಬರಹಗಾರರ ನಾಡಾಯಿತು. ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಮಿತಾಕ್ಷರವನ್ನು ರಚಿಸಿದ್ದು ಇಲ್ಲಿಯೇ. ಉನ್ನತ ವಿದ್ಯೆಗೆ ಆಗ ಘಟಿಕಾಸ್ಥಾನಗಳಿದ್ದವು. ಚಿತ್ತಾಪುರದ ಬಳಿಯ ನಾಗಾವಿಯ 1058ರ ಶಾಸನ ಅಂಥ ಒಂದು ಸಂಸ್ಥೆಯ ವಿವರ ಕೊಡುತ್ತದೆ. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 50 ಮಂದಿ ಅಲ್ಲಿದ್ದರು. ಪುಸ್ತಕ ನೋಡಿಕೊಳ್ಳಲು ಸರಸ್ವತೀ ಭಂಡಾರಿಗರೂ ಇದ್ದರು. ಆದರೆ ಘಟಿಕಾಸ್ಥಾನಕ್ಕೆ ಬರುವವನು ಅಕ್ಷರ ಕಲಿತೇ ಬರುತ್ತಿದ್ದ. ಎಳೆಯರ ಮೊದಲ ಪಾಠಕ್ಕೆ ಶಾಸನಗಳು ಬಳಸುವ ಹೆಸರು ಬಾಲಶಿಕ್ಷೆ. ಅದು ನಡೆಯುತ್ತಿದ್ದುದು ಮಠದಲ್ಲಿ, ದೇಗುಲದ ಜಗುಲಿಯಲ್ಲಿ, ಅಗ್ರಹಾರದಲ್ಲಿ. ಹೊಯ್ಸಳರ ದಂಡನಾಯಕ ಪೆರುಮಾಳೆ 1290ರಲ್ಲಿ ಕೊಟ್ಟ ದತ್ತಿಯಲ್ಲಿ ಮಕ್ಕಳಿಗೆ ನಾಗರ, ಕನ್ನಡ, ತಿಗುಳ, ಆರ್ಯ ಎಂಬ ನಾಲ್ಕು ಬಗೆಯ ಬರಹ ಓದಿಸುವ ಏರ್ಪಾಡಿದೆ. ಒಂದೇ ಊರಿನ ಮಕ್ಕಳಿಗೆ ಹಲವು ಲಿಪಿಗಳನ್ನು ಕಲಿಸುವುದು ಕರ್ನಾಟಕದಲ್ಲಿ ನಿಜಾಮರ ಕಾಲದ ಹೊಸತೇನಲ್ಲ ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ.

ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಚಾಲುಕ್ಯ ದೇವಾಲಯದ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆಯಿದ್ದಾಳೆ. ಅವಳು ಕನ್ನಡಿ ನೋಡುತ್ತಿಲ್ಲ, ಕುಣಿಯುತ್ತಿಲ್ಲ, ನಿಂತು ಬರೆಯುತ್ತಿದ್ದಾಳೆ. ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕವೊಂದು ಅವಳ ಕೈಕೆಳಗೆ ಮೂಡಿದೆ. ಹೆಣ್ಣಿನ ಕೈಯಲ್ಲಿ ಬರಹವನ್ನು ಕಂಡರಿಸಿದ ಈ ಶಿಲ್ಪ ಅಂದಿನ ಎಲ್ಲ ಹೆಣ್ಣುಮಕ್ಕಳೂ ಅಕ್ಷರಸ್ಥರಾಗಿದ್ದರೆಂದು ಹೇಳಲಾರದು. ಆದರೂ ಬರೆಯುವ ಹೆಣ್ಣು ಆ ಶಿಲ್ಪಿಯ ಕಲ್ಪನೆಗೆ ಹೊರತಾಗಿರಲಿಲ್ಲ ಎಂಬಷ್ಟನ್ನು ಖಂಡಿತ ಹೇಳುತ್ತದೆ. ಮುಂದೆ ಹನ್ನೆರಡನೆಯ ಶತಮಾನದ ನಡುವಿನಲ್ಲಿ ಬಿಜ್ಜಳನ ಕಲ್ಯಾಣದಲ್ಲಿ ಸೇರಿದ ಶರಣರಲ್ಲಿ ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರಿದ್ದರು. ಮಡಿವಾಳ, ಅಂಬಿಗ, ಕಟ್ಟಿಗೆ ಮಾರುವವ, ಅಕ್ಕಿ ಆಯುವವಳು ಎಲ್ಲರೂ ತಮ್ಮ ತಮ್ಮ ವಚನಗಳಿಗೆ ಅಂಕಿತ ಹೊಂದಿದರು. ಆ ವಚನಗಳ ಓಲೆಗಳನ್ನು ಕಾಯ್ದವನು ಶಾಂತರಸನೆಂದು ಪರಂಪರೆ ನೆನೆಯುತ್ತದೆ. ಅಕ್ಷರ ಒಂದು ಕುಲದ ಸ್ವತ್ತಲ್ಲ ಎಂಬ ಮಾತಿಗೆ ಕನ್ನಡದಲ್ಲಿ ಇದಕ್ಕಿಂತ ಹಿರಿದಾದ ನೆಲೆ ಬೇರೆಯಿಲ್ಲ. ಕಲ್ಯಾಣ ಚದುರಿಹೋದ ಮೇಲೂ ಲಿಂಗಾಯತ ಮಠಗಳು ಅಕ್ಷರ ಕಲಿಸುವ ಕೆಲಸವನ್ನು ಬಿಡಲಿಲ್ಲ, ಮುಂದಿನ ಏಳೆಂಟು ಶತಮಾನ ಈ ಸೀಮೆಯ ಕನ್ನಡ ಉಳಿದದ್ದು ಬಹುಪಾಲು ಆ ಮಠಗಳಿಂದ.

ಮಠದ ಅಯ್ಯನವರು ಅಥವಾ ಊರ ಪಂತೋಜಿ ನಡೆಸುತ್ತಿದ್ದ ಶಾಲೆಗೆ ಉತ್ತರ ಕರ್ನಾಟಕದಲ್ಲಿ ಗಾಂವಟಿ ಶಾಲೆ ಎಂದು ಹೆಸರು. ಅದರ ಒಳಗಿನ ಕ್ರಮವನ್ನು ತಿಳಿಯಲು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದ್ರಾಸ್ ಸರ್ಕಾರಕ್ಕೆ ಬರೆದ ವರದಿಯಷ್ಟು ಒಳ್ಳೆಯ ಆಕರ ಸಿಗುವುದು ಕಷ್ಟ. ಬಳ್ಳಾರಿ 1800ರಲ್ಲಿ ನಿಜಾಮರಿಂದ ಬ್ರಿಟಿಷರ ಕೈಗೆ ಹೋದ ಜಿಲ್ಲೆ. ಅಲ್ಲಿ ಆಗ 533 ಶಾಲೆಗಳು, 6,641 ವಿದ್ಯಾರ್ಥಿಗಳು ಇದ್ದರು. 235 ಶಾಲೆಗಳಲ್ಲಿ ಕನ್ನಡ ಕಲಿಸುತ್ತಿದ್ದರು. ಐದು ವರ್ಷ ತುಂಬಿದ ಮಗುವನ್ನು ಗಣಪತಿಯ ಮುಂದೆ ಕೂರಿಸಿ, ಅಕ್ಕಿಯಲ್ಲಿ ಬೆರಳಿನಿಂದ ದೇವರ ಹೆಸರು ಬರೆಸುತ್ತಿದ್ದರು. ಮಾರನೆಯ ದಿನದಿಂದ ಶಾಲೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದವರಿಗೆಲ್ಲ ಒಂದೊಂದು ಏರುತ್ತಿತ್ತು.

ಅಕ್ಷರ ಕಲಿಸುವ ಕ್ರಮ ನೆಲದಿಂದ ಶುರುವಾಗುತ್ತಿತ್ತು. ಮರಳು ಅಥವಾ ನುಣುಪಾದ ಮಣ್ಣು ಹರಡಿ ಅದರ ಮೇಲೆ ಬರೆಯುವುದರಿಂದ ಇದಕ್ಕೆ ಧೂಳಾಕ್ಷರವೆಂದು ಹೆಸರಾಯಿತು. ಗುರು ಅಥವಾ ಹಿರಿಯ ಹುಡುಗ ಮಗುವಿನ ತೋರುಬೆರಳು ಹಿಡಿದು ಅ ಬರೆಸುತ್ತಿದ್ದ, ಬರೆಯುವಷ್ಟು ಹೊತ್ತೂ ಅದರ ಉಲಿಯನ್ನು ಎಳೆದು ಕೂಗಿಸುತ್ತಿದ್ದ. ಗೆರೆ ಮುಗಿಯುವುದಕ್ಕೂ ದನಿ ನಿಲ್ಲುವುದಕ್ಕೂ ಹೊಂದಿಕೆಯಿರಬೇಕಿತ್ತು. ತಪ್ಪಿದರೆ ಅಂಗೈಯಿಂದ ಸವರಿ ಮತ್ತೆ ಬರೆಯುವುದು. ಮಣ್ಣಿಗೆ ಖರ್ಚಿಲ್ಲ, ಬಡವರ ಮಗುವೂ ಎಷ್ಟು ಸಲ ಬೇಕಾದರೂ ತಪ್ಪಬಹುದಿತ್ತು. ಕೈ ಪಳಗಿದ ಮೇಲೆ ಹಲಗೆ ಬರುತ್ತಿತ್ತು, ಆಮೇಲೆ ಕಡತ. ಬಟ್ಟೆಗೆ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಮಡಿಕೆ ಹಾಕಿ, ಬಳಪದಿಂದ ಬರೆಯುವ ಪುಸ್ತಕವದು. ಕಾಗದ ಮಕ್ಕಳ ಕೈಗೆ ಸಿಗುತ್ತಿದ್ದುದು ಎಲ್ಲಕ್ಕೂ ಕೊನೆಗೆ.

ಮುಂದುವರಿದ ಹುಡುಗರು ಹೊಸಬರಿಗೆ ಕಲಿಸುವ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿದ್ದ. ಮದ್ರಾಸಿನ ಎಗ್ಮೋರ್ ಅನಾಥಾಲಯದಲ್ಲಿ ಆಂಡ್ರ್ಯೂ ಬೆಲ್ ಇದೇ ಬಗೆಯ ಮರಳ ಬರಹವನ್ನೂ ಹುಡುಗರಿಂದ ಹುಡುಗರಿಗೆ ಪಾಠವನ್ನೂ ಅಳವಡಿಸಿಕೊಂಡು, ಹದಿನೆಂಟನೆಯ ಶತಮಾನದ ಕೊನೆಗೆ ಇಂಗ್ಲೆಂಡಿಗೆ ಒಯ್ದು ಮದ್ರಾಸ್ ಪದ್ಧತಿಯೆಂದು ಪ್ರಚಾರ ಮಾಡಿದ. ಲಂಡನ್ನಿನ ಬಡ ಮಕ್ಕಳು ಅಕ್ಷರ ಕಲಿತ ಒಂದು ದಾರಿ ದಕ್ಷಿಣ ಭಾರತದ ಜಗುಲಿಗಳಿಂದ ಹೋದದ್ದು. ಈ ಸಂಗತಿ ನಮ್ಮ ಶಾಲಾ ಪುಸ್ತಕಗಳಲ್ಲಿ ಇನ್ನೂ ಸರಿಯಾದ ಜಾಗ ಪಡೆದಿಲ್ಲ.

ಸ್ವರ, ವ್ಯಂಜನ ಮುಗಿದ ಮೇಲೆ ಬರುವ ಕಾಗುಣಿತವೇ ಕನ್ನಡ ಅಕ್ಷರಾಭ್ಯಾಸದ ನಡುಗಂಬ. ಇಂದಿನ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ ಸೇರಿ 49 ಅಕ್ಷರ. ಆದರೆ 34 ವ್ಯಂಜನಗಳಿಗೆ 13 ಸ್ವರಗಳನ್ನು ಕೂಡಿಸಿದರೆ ಮಗು ಗುರುತಿಸಬೇಕಾದ ಆಕಾರಗಳು 442 ಆಗುತ್ತವೆ. ಒತ್ತಕ್ಷರಗಳ ಲೆಕ್ಕ ಅದರಾಚೆಗೆ. ಇಷ್ಟನ್ನು ಕಣ್ಣಿನಿಂದಲೇ ಕಲಿಯಲಾಗದು ಎಂಬುದನ್ನು ಹಳಬರು ಬಲ್ಲವರಾಗಿದ್ದರು. ಅದಕ್ಕಾಗಿ ಕಿವಿಗೆ ಹಿಡಿಸುವ ಒಂದು ಸೂತ್ರ ಕಟ್ಟಿದರು: ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಕೊಂಬು ಕು. ತಲಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ ಎಂಬ ಹೆಸರುಗಳು ಆ ಗೆರೆಯ ಆಕಾರವನ್ನೇ ಹೇಳುವುದರಿಂದ ಬಾಯಲ್ಲಿ ಬಂದ ಹೆಸರು ಕೈಗೆ ದಾರಿ ತೋರುತ್ತದೆ.

ಇದೇ ಸೀಮೆಯ ಬೇರೆ ಮಕ್ಕಳು ಅದೇ ಕಿಕಾರವನ್ನು ಬೇರೆ ದಾರಿಯಲ್ಲಿ ಮುಟ್ಟುತ್ತಿದ್ದರು. ಮರಾಠಿ ಬಾರಾಖಡಿಯಲ್ಲಿ ಅದು ‘ಕಲಾ ಪಹಿಲೀ ವೇಲಾಂಟಿ ಕಿ’. ಉರ್ದು ಅಕ್ಷರ ಕಲಿಸುವ ಪುಸ್ತಕವಾದ ಕಾಯಿದಾದಲ್ಲಿ ‘ಕಾಫ್ ಜೇರ್ ಕಿ’. ಮೂರರಲ್ಲೂ ವ್ಯಂಜನದ ಹೆಸರು, ಸ್ವರಚಿಹ್ನೆಯ ಹೆಸರು, ಕೊನೆಗೆ ಕೂಡಿದ ಉಲಿ. ಲಿಪಿಗಳ ನಡುವೆ ಇರುವ ಅಂತರ ದೊಡ್ಡದು. ಉರ್ದುವಿನಲ್ಲಿ ಬರಹ ಬಲದಿಂದ ಎಡಕ್ಕೆ ಹರಿಯುತ್ತದೆ, ಒಂದೇ ಅಕ್ಷರ ಪದದ ಮೊದಲು, ನಡು, ಕೊನೆಯಲ್ಲಿ ಬೇರೆ ಬೇರೆ ರೂಪ ತಾಳುತ್ತದೆ, ಜಬರ್–ಜೇರ್–ಪೇಶ್ ಗುರುತುಗಳು ಕಲಿಯುವಾಗ ಇದ್ದು ಆಮೇಲೆ ಮಾಯವಾಗುತ್ತವೆ. ಆದರೂ ಮಗುವಿನ ಬಾಯಿಗೆ ಕೊಟ್ಟ ತಾಲೀಮು ಒಂದೇ. ಆರಂಭದ ಶಾಸ್ತ್ರಗಳೂ ಅಕ್ಕಪಕ್ಕದಲ್ಲೇ ಇದ್ದವು. ಮುಸ್ಲಿಂ ಮನೆಗಳಲ್ಲಿ ಮಗುವಿಗೆ ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಮಾಡಿಸುವ ರೂಢಿ. ಮರಾಠಿ ಮನೆಗಳಲ್ಲಿ ದಸರೆಯಂದು ಪಾಟಿಯ ಮೇಲೆ ಒಂದರ ಅಂಕಿಗಳನ್ನೇ ಜೋಡಿಸಿ ಸರಸ್ವತಿಯನ್ನು ಬರೆದು ಪೂಜಿಸುವ ರೂಢಿ. ಲಿಂಗಾಯತ ಮನೆಯ ಮಗುವಿನ ಮೊದಲ ಬರಹ ಷಡಕ್ಷರಿ.

ಮೊಗಲಾಯಿ ಮತ್ತು ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಬರಹ ಪಾರಸಿಯಾಗಿತ್ತು. 1884ರಲ್ಲಿ ಹೈದರಾಬಾದ್ ಸಂಸ್ಥಾನ ಪಾರಸಿಯ ಜಾಗಕ್ಕೆ ಉರ್ದುವನ್ನು ತಂದಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಮೇಲಿನ ಹಂತದ ಪಾಠಗಳೂ ಉರ್ದುವಿನಲ್ಲೇ ನಡೆದವು. ಭಾರತೀಯ ಭಾಷೆಯೊಂದರಲ್ಲಿ ವೈದ್ಯ, ವಿಜ್ಞಾನ, ಕಾನೂನುಗಳನ್ನೆಲ್ಲ ಕಲಿಸಲು ಹೊರಟ ಆ ಪ್ರಯೋಗ ಅದರ ಮಟ್ಟಿಗೆ ಧೀರವಾದದ್ದು. ಆದರೆ ಸಂಸ್ಥಾನದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ ಅಥವಾ ಕನ್ನಡ. ನೌಕರಿಯ ದಾರಿ ಉರ್ದುವಿನ ಮೂಲಕ ಎಂದಾದಾಗ ತಂದೆತಾಯಿ ಮಗುವಿಗೆ ಅಲಿಫ್, ಬೇ ಕಲಿಸುವ ಶಾಲೆಯನ್ನೇ ಹುಡುಕುವುದು ಸಹಜ. ಕುಲಕರ್ಣಿಗಳ ಲೆಕ್ಕ, ಸಾಹುಕಾರರ ಖಾತೆಗಳಿಗೆ ಮೋಡಿ ಲಿಪಿ ಬೇಕಾಗುತ್ತಿತ್ತು. ಲೆಕ್ಕಣಿಕೆ ಎತ್ತದೆ ಓಡಿಸಿಕೊಂಡು ಬರೆಯುವ ಆ ಲಿಪಿಯಲ್ಲಿ ಇಕಾರ–ಉಕಾರಗಳ ಹ್ರಸ್ವ–ದೀರ್ಘ ಭೇದವನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ಹೀಗಾಗಿ ಕಲ್ಯಾಣಿ ಜಹಗೀರು ಮತ್ತು ಹುಮನಾಬಾದ್ ಸುತ್ತಿನ ಕನ್ನಡ ಮಗುವಿಗೆ ಕಚೇರಿಗೊಂದು, ಅಂಗಡಿಗೊಂದು ಲಿಪಿ ಇತ್ತು. ತನ್ನ ಮಾತಿನ ಲಿಪಿ ಮಾತ್ರ ಮಠದಲ್ಲಿ, ಪುರಾಣದ ಕಟ್ಟೆಯಲ್ಲಿ ಉಳಿದಿತ್ತು. ಹುಮನಾಬಾದಿನ ಮಾಣಿಕ ಪ್ರಭುಗಳು (1817–1865) ಕನ್ನಡ, ಮರಾಠಿ, ಹಿಂದುಸ್ತಾನಿಗಳಲ್ಲಿ ಪದಗಳನ್ನು ಹಾಡಿದ್ದು ಇಂಥ ಹಲವು ನುಡಿಗಳ ನೆಲದಲ್ಲಿ ನಿಂತು.

ಗಡಿಯಾಚೆ, ಮುಂಬಯಿ ಪ್ರಾಂತ್ಯದ ಧಾರವಾಡದಲ್ಲಿ, ಡೆಪ್ಯೂಟಿ ಚನ್ನಬಸಪ್ಪನವರು (1833–1881) ಮರಾಠಿ ಕವಿದಿದ್ದ ಶಾಲೆಗಳಿಗೆ ಕನ್ನಡವನ್ನು ತಂದರು. ಮಗುವಿನ ಕೈಗೆ ಅಚ್ಚಾದ ಅಂಕಲಿಪಿ ಬಂತು, ಅಕ್ಷರ, ಕಾಗುಣಿತ, ಮಗ್ಗಿ ಎಲ್ಲ ಒಂದೇ ತೆಳು ಪುಸ್ತಕದಲ್ಲಿ. ನಿಜಾಮರ ಸೀಮೆಯಲ್ಲಿ ಅಂಥ ಚಳವಳಿಗೆ ಆಸರೆ ಕಡಿಮೆ. ಖಾಸಗಿ ಶಾಲೆ ತೆರೆಯಲು ಸರ್ಕಾರದ ಅನುಮತಿ ಬೇಕಿತ್ತು, ಸಭೆ ಕೂಡುವುದಕ್ಕೂ ನಿರ್ಬಂಧವಿತ್ತು. ಆ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890–1999) ಶಾಲೆಯ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಬೀದರ್ ಜಿಲ್ಲೆಯಲ್ಲಿ ಇದನ್ನು ಹೇಳದ ಮನೆಯಿಲ್ಲ. ಅವರ ಬದುಕಿನ ಬಹುಭಾಗ ಹೋದದ್ದು ಮಕ್ಕಳಿಗೆ ಊಟ, ವಸತಿ, ಅಕ್ಷರ ಒದಗಿಸುವುದರಲ್ಲಿ ಮತ್ತು ಬಸವಕಲ್ಯಾಣದಲ್ಲಿ ಅನುಭವ ಮಂಟಪ ಕಟ್ಟುವುದರಲ್ಲಿ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ (1912–1986) ಶಾಲೆಯಲ್ಲಿ ಓದಿದ್ದು ಮರಾಠಿ. ಮನೆಯ ಮಾತಾದ ಕನ್ನಡದ ಅಕ್ಷರಗಳನ್ನು ಆಮೇಲೆ ಸ್ವಂತ ಛಲದಿಂದ ಕಲಿತು, ಸಿದ್ಧರಾಮನ ಮೇಲೆ ಕಾವ್ಯ ಬರೆದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷೆಯಾದ ಅವರು ಕೊನೆಗಾಲದಲ್ಲಿ ನೆಲೆಸಿದ್ದು ಬಸವಕಲ್ಯಾಣದಲ್ಲಿಯೇ.

1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಭಾರತ ಒಕ್ಕೂಟದ ವಶವಾಯಿತು. ಆಮೇಲೆ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ಬೀದರ್ ಜಿಲ್ಲೆಯನ್ನು ತೆಲಂಗಾಣದ ಜೊತೆ ಹೈದರಾಬಾದ್ ರಾಜ್ಯದಲ್ಲೇ ಇರಿಸಬೇಕೆಂದಿತ್ತು. ಆ ಸಲಹೆ ಜಾರಿಯಾಗಿದ್ದರೆ ಘಾಟಬೋರಾಳದ ಮಕ್ಕಳ ಪಾಟಿಯ ಮೇಲೆ ಬೇರೆ ಲಿಪಿಯೇ ಇರುತ್ತಿತ್ತೇನೋ. 1956ರ ನವೆಂಬರ್ 1ರಂದು ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಹೋದವು, ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಕ್ಕೆ. ಹುಮನಾಬಾದ್, ಭಾಲ್ಕಿ, ಔರಾದ, ಬೀದರ್ ಭಾಗಗಳು ಮೈಸೂರು ರಾಜ್ಯಕ್ಕೆ ಸೇರಿದವು. ಕಲ್ಯಾಣಿ ಬಸವಕಲ್ಯಾಣವಾಯಿತು. ನಿನ್ನೆಯವರೆಗೆ ಒಂದೇ ಜಿಲ್ಲೆಯಾಗಿದ್ದ ಊರುಗಳ ಮಕ್ಕಳು ದೇವನಾಗರಿ, ತೆಲುಗು, ಕನ್ನಡಗಳೆಂದು ಮೂರು ಲಿಪಿಗಳಿಗೆ ಹಂಚಿಹೋದರು. ಅಜ್ಜನಿಗೆ ಉರ್ದು ಓದಲು ಬರುತ್ತದೆ, ಮೊಮ್ಮಗನಿಗೆ ಕನ್ನಡ; ಒಬ್ಬರ ಕಾಗದವನ್ನು ಇನ್ನೊಬ್ಬರು ಓದಲಾರರು. ಈ ಸ್ಥಿತಿ ಎರಡು ತಲೆಮಾರು ನಡೆಯಿತು. ಹಳೆಯ ಹೊಲದ ಕಾಗದಪತ್ರ ಓದಿಸಲು ಇಂದಿಗೂ ಉರ್ದು ಅಥವಾ ಮೋಡಿ ಬಲ್ಲವರನ್ನು ಹುಡುಕಬೇಕು.

ಕನ್ನಡ ಶಾಲೆ ಬಂದರೂ ಉಲಿಯ ತೊಡಕು ಹಾಗೆಯೇ ಇತ್ತು. ಮರಾಠಿ ಅಥವಾ ದಖನಿ ಮನೆಯ ಮಗುವಿಗೆ ಎ–ಏ, ಒ–ಓ ಭೇದ ಮನೆಯಲ್ಲಿ ಕೇಳಿದ್ದಲ್ಲ, ಆದ್ದರಿಂದ ಕೆ ಮತ್ತು ಕೇ ಅದಕ್ಕೆ ಒಂದೇ. ಹಳೆಯ ಶಾಸನಗಳ ಬರಹದಲ್ಲೂ ಈ ಭೇದ ಕಾಣುತ್ತಿರಲಿಲ್ಲ. ಮಹಾಪ್ರಾಣದ ಸಂಗತಿ ತಿರುಗುಮುರುಗು. ದಕ್ಷಿಣದ ಹಳ್ಳಿಗಾಡಿನ ಮಗುವಿಗೆ ಖ, ಘ, ಛ, ಝಗಳು ಪುಸ್ತಕದ ಅಕ್ಷರಗಳು. ಬೀದರ್ ಸೀಮೆಯಲ್ಲಿ ಮರಾಠಿ, ಉರ್ದುಗಳ ಒಡನಾಟದಿಂದ ಅವು ನಿತ್ಯದ ಮಾತಿನಲ್ಲಿ ಬೆರೆತಿವೆ. ಘಾಟಬೋರಾಳ ಎಂದು ದಿನವೂ ಹೇಳುವ ಬಾಯಿಗೆ ಘಕಾರ ಹೊಸದಲ್ಲ, ಕೈಗಷ್ಟೇ ಹೊಸದು. ಲಂಬಾಣಿ ಮಗುವಿಗೆ ಅಕ್ಷರಕ್ಕಿಂತ ಮೊದಲು ಮಾತನ್ನೇ ಕಲಿಸಬೇಕು. ಎಲ್ಲ ಮಕ್ಕಳೂ ಎಡವುವ ಜಾಗ ಅರ್ಕಾವೊತ್ತು. ‘ಧರ್ಮ’ ಎನ್ನುವಾಗ ರಕಾರ ಮೊದಲು ಕೇಳುತ್ತದೆ, ಬರೆಯುವಾಗ ಮಕಾರದ ಆಚೆ ಕೂರುತ್ತದೆ. ಈ ತೊಡಕುಗಳನ್ನು ಮಗುವಿನ ದಡ್ಡತನವೆಂದು ಎಣಿಸಿ ಕೋಲು ಎತ್ತಿದ ಕಾಲ ಬಹಳ ದೀರ್ಘವಾಗಿತ್ತು, ಅದರಿಂದ ಶಾಲೆ ಬಿಟ್ಟ ಮಕ್ಕಳು ಅಸಂಖ್ಯ.

ಅಕ್ಷರ ಕಲಿಸುವ ಕ್ರಮದಲ್ಲೇ ನಿಜವಾದ ಬದಲಾವಣೆ ಬಂದದ್ದು ನಲಿ–ಕಲಿಯಿಂದ. ಆಂಧ್ರದ ರಿಷಿವ್ಯಾಲಿಯ ಮಾದರಿಯನ್ನು ನೋಡಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ಈ ಪದ್ಧತಿ 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಇಲ್ಲಿ ಮಗು ಅ, ಆ, ಇ, ಈ ಎಂದು ಶುರುಮಾಡುವುದಿಲ್ಲ. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಸಂಸ್ಕೃತದ ಹಳೆಯ ಧ್ವನಿಶಾಸ್ತ್ರದ ಪರಂಪರೆಯಿಂದ ಬಂದ ವರ್ಣಮಾಲೆ ಉಲಿ ಹುಟ್ಟುವ ಜಾಗವನ್ನು ಅನುಸರಿಸುತ್ತದೆ: ಗಂಟಲು, ಅಂಗುಳ, ಹಲ್ಲು, ತುಟಿ. ಅದು ವಿದ್ವಾಂಸನಿಗೆ ಸೊಗಸು, ಐದಾರು ವರ್ಷದ ಮಗುವಿಗೆ ಅದರಿಂದ ಓದಲು ಏನೂ ಸಿಗದು. ಹೊಸ ಕ್ರಮ ಬರೆಯಲು ಸುಲಭವಾದ, ಒಂದನ್ನೊಂದು ಹೋಲುವ, ಕೂಡಿದರೆ ಪದವಾಗುವ ಅಕ್ಷರಗಳನ್ನು ಮುಂದಿಟ್ಟಿತು. ಮೊದಲ ಐದರಿಂದಲೇ ಸರ, ಅರಸ, ಅಗಸ, ದಸರ, ಗರಗಸ ಎಂದು ಓದಬಹುದು. ಹತ್ತು ಅಕ್ಷರಗಳಾದರೆ ಮರ, ಜನ, ನಗ ಬರುತ್ತವೆ. ಒಂದೂ ಕಾಗುಣಿತ ಕಲಿಯದೆ ಮಗು ‘ಬಸವ’ ಎಂದು ಓದಬಲ್ಲದು. ಕಾಗುಣಿತದ ಉರುಹೊಡೆತ ಹಿಂದೆ ಸರಿದು, ಓದಿದ್ದು ತಿಳಿಯುತ್ತದೆ ಎಂಬ ಸುಖ ಮೊದಲ ತಿಂಗಳಲ್ಲೇ ಮಗುವಿಗೆ ಸಿಗುವಂತಾಯಿತು.

ನಲಿ–ಕಲಿ ತರಗತಿಯಲ್ಲಿ ಒಂದು, ಎರಡು, ಮೂರನೆಯ ಇಯತ್ತೆಗಳ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಕಲಿಕಾ ಏಣಿಯ ಮೇಲೆ ತಮ್ಮ ಮೆಟ್ಟಿಲು ಹುಡುಕಿ ಕಾರ್ಡು ತೆಗೆದುಕೊಳ್ಳುತ್ತಾರೆ, ಬಲ್ಲ ಮಗು ಅರಿಯದ ಮಗುವಿಗೆ ಹೇಳಿಕೊಡುತ್ತದೆ. ಕ್ಯಾಂಪ್‌ಬೆಲ್ ಬಳ್ಳಾರಿಯಲ್ಲಿ ಕಂಡದ್ದು ಬೆತ್ತವಿಲ್ಲದೆ ಮರಳಿ ಬಂದಂತಾಯಿತು. ಗೋಡೆಯ ಕೆಳಭಾಗದ ಕಪ್ಪು ಹಲಗೆ ಮಗುವಿನ ಎತ್ತರಕ್ಕೆ ಸರಿಯಾಗಿದ್ದು, ಧೂಳಾಕ್ಷರದ ಹಾಗೆ ತಪ್ಪಿ ಅಳಿಸುವ ಅವಕಾಶ ಕೊಡುತ್ತದೆ. ಪದ್ಧತಿಯ ವಿರುದ್ಧ ಆಕ್ಷೇಪಗಳೂ ಇವೆ: ಒಬ್ಬರೇ ಶಿಕ್ಷಕರಿಗೆ ಹೊರೆ ಹೆಚ್ಚು, ವರ್ಣಮಾಲೆಯ ಅನುಕ್ರಮ ತಿಳಿಯದ ಮಗುವಿಗೆ ಮುಂದೆ ನಿಘಂಟು ನೋಡುವುದು ಕಷ್ಟ. ಎರಡನೆಯದು ನಾಲ್ಕು ದಿನದಲ್ಲಿ ಸರಿಪಡಿಸಬಹುದಾದ ಕೊರತೆ. ಮೊದಲನೆಯದು ಹಾಗಲ್ಲ.

ಮಗುವನ್ನು ಶಾಲೆಯಲ್ಲಿ ಉಳಿಸಿದ್ದರಲ್ಲಿ ಅಕ್ಷರದಷ್ಟೇ ಪಾಲು ಅನ್ನದ್ದೂ ಇದೆ. 2002ರಲ್ಲಿ ಬಿಸಿಯೂಟದ ಅಕ್ಷರ ದಾಸೋಹ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಬೀದರ್ ಒಂದು. 2011ರ ಜನಗಣತಿಯ ಹೊತ್ತಿಗೆ ಜಿಲ್ಲೆಯ ಸಾಕ್ಷರತೆ ನೂರಕ್ಕೆ 70ರ ಗಡಿ ದಾಟಿತ್ತು. ರಾಜ್ಯದ ಸರಾಸರಿ 75ರ ಮೇಲಿತ್ತು.

ಕನ್ನಡ ಓದು ಹೇಗೆ ಬೆಳೆಯುತ್ತದೆ ಎಂಬುದರ ಮೇಲೆ ಮನೋವಿಜ್ಞಾನಿ ಸೊನಾಲಿ ನಾಗ್ ನಡೆಸಿದ ಅಧ್ಯಯನಗಳು ಒಂದು ಮುಖ್ಯ ಸಂಗತಿ ತೋರಿಸಿವೆ. ಇಂಗ್ಲಿಷಿನ ಅಕ್ಷರಗಳನ್ನು ಮಗು ಒಂದೆರಡು ವರ್ಷದಲ್ಲಿ ಗುರುತಿಸಿ ಮುಗಿಸಿದರೆ, ಕನ್ನಡದ ಅಕ್ಷರಗಳ ಕಲಿಕೆ ನಾಲ್ಕನೆಯ ತರಗತಿಯವರೆಗೂ, ಅದರಾಚೆಗೂ ನಡೆಯುತ್ತದೆ. ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಅದು ಹಿಂದುಳಿದಿದೆ ಎಂದಲ್ಲ, ಲಿಪಿಯೇ ಅಷ್ಟು ವಿಸ್ತಾರವಾದದ್ದು. ಹುಮನಾಬಾದಿನ ಮಾಣಿಕನಗರದಲ್ಲಿರುವ ಅಂಧ ಬಾಲಕರ ಶಾಲೆಯಲ್ಲಿ ಈ ವಿಸ್ತಾರದ ಇನ್ನೊಂದು ಮುಖ ಕಾಣುತ್ತದೆ. 1951ರಲ್ಲಿ ಒಪ್ಪಿತವಾದ ಭಾರತಿ ಬ್ರೈಲ್‌ನಲ್ಲಿ ಆರು ಚುಕ್ಕೆಗಳಿಂದಲೇ ಎಲ್ಲ ಅಕ್ಷರ. ಅಲ್ಲಿ ಗುಡಿಸು, ಕೊಂಬುಗಳಿಲ್ಲ. ಕಕಾರದ ಮುಂದೆ ಇಕಾರ ಇಟ್ಟರೆ ಕಿ. ಕಣ್ಣಿಲ್ಲದ ಮಗು ನೂರಾರು ಆಕಾರಗಳ ಭಾರವಿಲ್ಲದೆ ಕನ್ನಡದ ಉಲಿಗಳನ್ನು ಒಂದರ ಪಕ್ಕ ಒಂದಾಗಿ ಬೆರಳಿನಲ್ಲೇ ಓದುತ್ತದೆ.

ಶಾಲೆಗೂ ಮುಂಚಿನ ವಯಸ್ಸಿನ ಮಕ್ಕಳಿಗಾಗಿ 1975ರಲ್ಲಿ ದೇಶದಲ್ಲಿ ಆರಂಭವಾದ 'ಸಮಗ್ರ ಶಿಶು ಅಭಿವೃದ್ಧಿ ಯೋಜನೆ' ಅಂಗನವಾಡಿಗಳನ್ನು ತಂದಿತು. ಅಲ್ಲಿ ಹಾಡು, ಆಟ, ಬಣ್ಣ, ಕಾಳು ಜೋಡಿಸುವುದು ಮುಖ್ಯ, ಬರಹ ಆಮೇಲೆ. ಈಚೆಗೆ ತಂದೆತಾಯಿಗಳ ಒತ್ತಾಯ ಇಂಗ್ಲಿಷಿನ ಕಡೆ ವಾಲಿದೆ. 2024–25ರಲ್ಲಿ ಕಲ್ಯಾಣ ಕರ್ನಾಟಕದ ಹಲವು ಸರ್ಕಾರಿ ಶಾಲೆಗಳಲ್ಲಿ ಅಕ್ಷರ ಆವಿಷ್ಕಾರ ಯೋಜನೆಯಡಿ ಎಲ್‌ಕೆಜಿ, ಯುಕೆಜಿ ತೆರೆದವು. ಅಲ್ಲಿಗೆ ಬರುವ ಮಗು ನಾಲ್ಕರ ವಯಸ್ಸಿಗೇ ಕನ್ನಡದ ಅ ಮತ್ತು ಇಂಗ್ಲಿಷಿನ ಎ ಎರಡನ್ನೂ ತಿದ್ದತೊಡಗುತ್ತದೆ, ಉರ್ದು ಮನೆಯ ಮಗುವಾದರೆ ಸಂಜೆಗೆ ಅಲಿಫ್ ಕೂಡ.